ಪೆನ್ಸಿಲ್ ತೀಡಿದ ಮುಖ

1957ರ ಮಾರ್ಚ್ ತಿಂಗಳ ಒಂದು ಭಾನುವಾರ, ರಾಜಾಜಿನಗರದ ನಮ್ಮ ಮನೆಯಲ್ಲಿ, ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ ತಮ್ಮ ಸೆರಗಿನ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ನನ್ನ ಅಕ್ಕನ ಕೆನ್ನೆಯನ್ನು ಉಜ್ಜಿ ನೋಡಿದರು.

ಪೌಡರ್ ಬಂತು. ಅದರಡಿ ಇದ್ದದ್ದು ಅಕ್ಕನ ಬಣ್ಣ.

ಇದು ಶುರುವಾದದ್ದು ಒಂದು ವಾರಪತ್ರಿಕೆಯ ಹಿಂಬದಿಯ ಪುಟದಿಂದ. ಆ ಪತ್ರಿಕೆ ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲಿ ನಾನು ಆಗ ಕರಡು ತಿದ್ದುತ್ತಿದ್ದೆ. ಮುಖಕ್ಕೆ ಹಚ್ಚುವ ಸ್ನೋ ಒಂದರ ಜಾಹೀರಾತು: ನಗುವ ಬಿಳಿ ಮುಖ, ಕೆಳಗೆ ‘ಕಪ್ಪು ಬಣ್ಣ ಇನ್ನು ಮದುವೆಗೆ ಅಡ್ಡಿಯಲ್ಲ’ ಎಂಬ ಸಾಲು. ಅದುವರೆಗೆ ಅಡ್ಡಿಯಾಗಿತ್ತು ಎಂದು ಸ್ನೋ ಮಾರುವವನೇ ತೀರ್ಮಾನಿಸಿದ್ದ. ಸುದ್ದಿಯಲ್ಲಿ ಇಂಥ ಮಾತು ಬಂದಿದ್ದರೆ ಆಧಾರವೇನು ಎಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಜಾಹೀರಾತಿಗೆ ಆಧಾರ ಕೇಳುವ ಪದ್ಧತಿ ಇರಲಿಲ್ಲ. ಸಹಿ ಹಾಕಿ ಕಳಿಸಿದೆ.

ಓದಲು ಬಾರದ ಅಮ್ಮ ಆ ಸಾಲನ್ನು ನನ್ನಿಂದಲೇ ಎರಡು ಸಲ ಓದಿಸಿಕೊಂಡಳು. ಮೂರು ತಿಂಗಳು ಅಕ್ಕನ ಮುಖಕ್ಕೆ ಸ್ನೋ ಬಿತ್ತು. ಬಣ್ಣ ಬದಲಾಗಲಿಲ್ಲ. ಅಷ್ಟರಲ್ಲಿ ಕುರುಬರಹಳ್ಳಿಯ ಒಂದು ಮನೆಯ ಹುಡುಗನ ಜಾತಕ ಕೂಡಿಬಂತು. ಅವರು ಮೊದಲು ಫೋಟೋ ಕೇಳಿದರು. ಅಮ್ಮ ಆ ಪುಟವನ್ನು ಹರಿದುಕೊಂಡು ನಮ್ಮಿಬ್ಬರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದಳು.

“ಈ ಥರ ಬರ್ಬೇಕು ನೋಡಪ್ಪ.”

“ಬರುತ್ತೆ ಬಿಡೀಮ್ಮಾ,” ಎಂದ ಫೋಟೋ ತೆಗೆಯುವವನು. “ಎರಡು ದಿನ ಕೊಡಿ, ಈ ಚಿತ್ರದೋಳಿಗಿಂತ ಬೆಳ್ಳಗೆ ಮಾಡ್ಕೊಡ್ತೀನಿ.”

ಆಗಿನ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ತೀಡುತ್ತಿದ್ದರು. ತೀಡಿದ ಜಾಗ ಫೋಟೋದಲ್ಲಿ ಬೆಳ್ಳಗೆ ಬರುತ್ತಿತ್ತು.

“ಬಂದು ನೋಡ್ದಾಗ ಗೊತ್ತಾಗಲ್ವೇನಮ್ಮ?” ಎಂದಳು ಅಕ್ಕ.

“ಅಷ್ಟೊತ್ತಿಗೆ ಮಾತುಕತೆ ಎಲ್ಲಾ ಆಗಿರುತ್ತೆ. ಸುಮ್ನಿರೇ,” ಎಂದಳು ಅಮ್ಮ.

ಮಾತುಕತೆ ಅಲ್ಲಿಯವರೆಗೆ ಹೋಗಲೇ ಇಲ್ಲ. ಆ ಭಾನುವಾರ ಹುಡುಗನ ತಾಯಿ ಫೋಟೋವನ್ನು ಅಕ್ಕನ ಮುಖದ ಪಕ್ಕಕ್ಕೆ ಹಿಡಿದರು.

“ಈ ಹುಡುಗೀನ ಕರೀರಿ. ಇವ್ಳು ಯಾರು, ಅಡುಗೆಯೋಳಾ?”

ಹುಡುಗ ನಕ್ಕ. ಅವನ ಬಣ್ಣವನ್ನೂ ಇಲ್ಲಿ ದಾಖಲಿಸಬೇಕು: ಅಕ್ಕನಿಗಿಂತ ಕಪ್ಪು. ಅವನ ಫೋಟೋವನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆಯೇ ಆಕೆ ಸೆರಗು ಅದ್ದಿದ್ದು. ಉಜ್ಜಿ ಮುಗಿಯುವವರೆಗೆ ಅಕ್ಕ ಅಲುಗಾಡದೆ ಕೂತಿದ್ದಳು. ಮುಗಿದ ಮೇಲೆ ಎದ್ದು ನಿಂತಳು.

“ಈ ಕಡೆ ಕೆನ್ನೆನೂ ಉಜ್ಜಿಬಿಡಿ. ಹಾಗೇ ನಿಮ್ಮ ಮಗಂದೂ ಒಂದ್ಸಲ ಉಜ್ಜಿ ನೋಡಿ.”

ಉಪ್ಪಿಟ್ಟಿನ ತಟ್ಟೆಗಳನ್ನು ಮುಟ್ಟದೆ ಅವರು ಎದ್ದರು. “ಬಣ್ಣ ನೋಡಿದ್ರೆ ಹಂಗೆ, ಬಾಯಿ ನೋಡಿದ್ರೆ ಹಿಂಗೆ!” ಎಂದು ಆಕೆ ಗೇಟಿನ ಬಳಿ ನಿಂತು ಹೇಳಿದ್ದು ನಮ್ಮ ಸಾಲಿನ ಎಲ್ಲ ಮನೆಗಳಿಗೂ ಕೇಳಿಸಿತು.

ಅಮ್ಮ ಬೈದದ್ದು ಅಕ್ಕನನ್ನು. ಸ್ನೋ ಮಾರಿದವನನ್ನು, ಆ ಸಾಲನ್ನು ಅಚ್ಚಿಗೆ ಬಿಟ್ಟ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮರುದಿನ ಅಮ್ಮ ಇನ್ನೊಂದು ಡಬ್ಬಿ ಸ್ನೋ ತಂದಳು. ಅಕ್ಕ ಅದರ ಮುಚ್ಚಳ ತೆಗೆಯಲಿಲ್ಲ.

ನಮ್ಮದು ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಕೊಡುವ ಮನೆ ಎಂದು ಕುರುಬರಹಳ್ಳಿಯವರು ಬಂಧುಗಳಲ್ಲಿ ಹೇಳಿದರು. ಆ ವರ್ಷ ಬರುತ್ತೇವೆಂದಿದ್ದ ಇನ್ನೆರಡು ಕಡೆಯವರು ಬರಲಿಲ್ಲ. 1959ರ ಜೂನ್‌ನಲ್ಲಿ ಅಕ್ಕ ಪ್ರಾಥಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿದಳು. ಅವಳಿಗೆ ಮದುವೆಯಾಗಲಿಲ್ಲ.