ಎಣ್ಣೆ ಹಚ್ಚಿಕೊಂಡವನು ಏಳುವುದಿಲ್ಲ

ಗೆಳೆಯರೇ, ಇವತ್ತು ಹೊಗೇನಕಲ್ಲಿನಲ್ಲಿ ನಾನು ಒಂದು ಮೊಪೆಡ್ಡಿಗೆ ದಾರಿ ಬಿಡಲಿಲ್ಲ.

ಮಗ್ಗದ ಗುಂಡಿಯಲ್ಲಿ ಕೂತು ಕೂತು ಹಿಡಿದುಕೊಂಡ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳಲೆಂದೇ ಸೇಲಂನಿಂದ ಬಸ್ಸು ಹತ್ತಿ ಬಂದಿದ್ದೆ. ಹೊಳೆಯ ಮರಳಲ್ಲಿ ಬೋರಲು ಮಲಗಿದ್ದೆ. ಪಕ್ಕದಲ್ಲಿ ನಮ್ಮ ಮಾವ, ಕಣ್ಣಿಗೂ ಎಣ್ಣೆ ಬಿಟ್ಟುಕೊಂಡು ರೆಪ್ಪೆ ಮುಚ್ಚಿದ್ದರು. ಅವರ ತಲೆಯಿಂದ ಒಂದೇ ಗೇಣು ದೂರದಲ್ಲಿ ಮೊಪೆಡ್ಡಿನ ಚಕ್ರ ಬಂದು ನಿಂತಿತು. ಹ್ಯಾಂಡಲಿಗೆ ಟೇಪ್ ರೆಕಾರ್ಡರ್ ತೂಗುಹಾಕಿದ್ದ ಆಸಾಮಿ ಹಾರನ್ ಬೇರೆ ಒತ್ತಿದ.

"ಮರಳಿಗೆ ಗಾಡಿ ಇಳಿಸಬಾರದು ಅಂತ ಬೋರ್ಡ್ ಐತಲ್ಲ, ಕಾಣ್ಲಿಲ್ವಾ?" ಎಂದೆ.

"ಅದು ಕಾರು, ಲಾರಿಗೆ ಅಣ್ಣಾ. ಇದು ಮೊಪೆಡ್ಡು. ಮೆದುವಾ ತಾನೇ ಬತ್ತಾ ಇವ್ನಿ? ಒಸಿ ಎದ್ದೇಳಿ."

"ಮೆಲ್ಲಗೆ ಅತ್ಸುದ್ರೆ ತಲೆ ಒಡಿಯಾಕಿಲ್ವಾ? ನಾನು ಏಳಾಕಿಲ್ಲ, ಓಗು."

ಎಣ್ಣೆ ತಿಕ್ಕುತ್ತಿದ್ದ ಮಾದಣ್ಣನೂ ನನ್ನ ಬೆನ್ನಿನಿಂದ ಕೈ ತೆಗೆಯಲಿಲ್ಲ. ನಮ್ಮ ಹಾಗೇ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವರಲ್ಲಿ ಒಬ್ಬರೂ ಮಿಸುಕಲಿಲ್ಲ.

ಆಸಾಮಿ ಇಂಜಿನ್ ಆರಿಸಿದ. "ಈಗ ಇದು ಸೈಕಲ್ಲು. ಸೈಕಲ್ಲಿಗೆ ಯಾವ ರೂಲ್ಸು?" ಎಂದು ನಮ್ಮನ್ನು ಸುತ್ತಿಕೊಂಡು ಹೋಗಲು ಪೆಡಲ್ ತುಳಿದ. ನಾಲ್ಕು ಸಲ ತುಳಿಯುವಷ್ಟರಲ್ಲಿ ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಇಳಿದು ಎಳೆದ, ತಳ್ಳಿದ. ಗಾಡಿ ಅಲುಗಾಡಲಿಲ್ಲ.

"ಅಣ್ಣಾ, ಒಸಿ ಇಡ್ಕೊಂಡು ಎತ್ತಿ ಅಣ್ಣಾ" ಎಂದ.

ಮಲಗಿದ್ದಲ್ಲೇ ಎರಡೂ ಅಂಗೈ ತಿರುಗಿಸಿ ತೋರಿಸಿದೆ. ಎಣ್ಣೆ ಮೊಣಕೈವರೆಗೂ ಮಿರಮಿರ ಮಿಂಚುತ್ತಿತ್ತು.

"ಇಡುದ್ರೆ ಜಾರ್ತೈತೆ ಸಾಮಿ. ನೀನೇ ಮೆದುವಾ ಎತ್ಕೊ."