ಬಚ್ಚಲಿನ ಮೂರು ಬಣ್ಣದ ಕಪ್ಪೆ

ಕಗ್ಗದಾಸಪುರದ ನನ್ನ ಬಾಡಿಗೆ ಮನೆಯ ಬಚ್ಚಲಿನಲ್ಲಿ ಒಂದು ಮರಗಪ್ಪೆ ಇದೆ. ಕೆಳಗಿನ ಮನೆಯ ಓನರ್ ಆಂಟಿಯ ಲೆಕ್ಕದಲ್ಲಿ ಮಾತ್ರ ಮೂರು. ನೀರಿನ ಮೋಟರಿನ ನೆಪ ಹೇಳಿಕೊಂಡು ಅವರು ಆಗಾಗ ಮೇಲೆ ಬಂದು ಬಚ್ಚಲಿಗೂ ಇಣುಕುತ್ತಾರೆ. ಬಕೆಟ್ಟಿನ ಹಿಂದೆ ಕಂಡಾಗ ಕಪ್ಪೆ ಕಂದು, ಟೈಲ್ಸ್ ಮೇಲೆ ಕೂತಾಗ ಮಾಸಲು ಬಿಳಿ, ಕಿಟಕಿಯ ಬಿಸಿಲಿನಲ್ಲಿ ಹಳದಿ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಉಪ್ಪಿನ ಪ್ಯಾಕೆಟ್ ಹಿಡಿದೇ ಬಂದರು.

“ಮೂರು ಜಾತಿ ಕಪ್ಪೆ ಸೇರ್ಕೊಂಡಿದೆ ಕಣಮ್ಮ. ಉಪ್ಪು ಹಾಕಿದ್ರೆ ಎಲ್ಲಾ ಓಡೋಗುತ್ತೆ.”

ಓಡುವುದೆಲ್ಲಿ ಬಂತು, ಚರ್ಮ ಸುಟ್ಟು ಸಾಯುತ್ತದೆ. ನಾನು ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ. ಮಳೆಗಾಲದಲ್ಲಿ ಹಲಸೂರು ಕೆರೆಯ ಹತ್ತಿರ ಕಪ್ಪೆ ಹುಡುಕುವ ಚಟ ನನಗಿದೆ. ಬೆನ್ನಿನ ಬಣ್ಣ ಇವಕ್ಕೆ ಅಂಗಿ ಇದ್ದ ಹಾಗೆ, ಗಳಿಗೆಗೊಂದು. ಜಾತಿ ತಿಳಿಯಬೇಕಾದರೆ ತೊಡೆಯ ಹಿಂಭಾಗ ನೋಡಬೇಕು. ಇದಕ್ಕೆ ಅಲ್ಲಿ ದುಂಡು ಹಳದಿ ಚುಕ್ಕೆ. ಇದನ್ನೇ ಹೋಲುವ ಇನ್ನೊಂದು ಜಾತಿಗೆ ಬಲೆಯಂಥ ಗೆರೆ.

ಪೊರಕೆ ಕಡ್ಡಿಯನ್ನು ಮೆಲ್ಲಗೆ ತಾಕಿಸಿದೆ. ಕಪ್ಪೆ ಕಾಲು ಚಾಚಿ ಗೋಡೆ ಹತ್ತಿತು. ಬಲತೊಡೆಯ ಎರಡು ಚುಕ್ಕೆಗಳು ಒಂದಕ್ಕೊಂದು ಅಂಟಿದ್ದವು. ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ತೋರಿಸಿದೆ. ಬಣ್ಣ ಬೇರೆ ಬೇರೆ, ಅಂಟಿದ ಚುಕ್ಕೆ ಮಾತ್ರ ಅದೇ.

“ಒಂದೇನಾ?” ಎಂದ ಆಂಟಿಯ ಕೈಯಲ್ಲಿನ ಉಪ್ಪು ಕೆಳಗಿಳಿಯಿತು. ಆದರೆ ಅಷ್ಟಕ್ಕೆ ಸುಮ್ಮನಾಗುವ ಹೆಂಗಸಲ್ಲ. “ಕಪ್ಪೆ ಹಾಳಾಗೋಗ್ಲಿ. ನಿನ್ ಮನೆಗೆ ಮೂರು ಜನ ಗಂಡಸರು ಬರ್ತಾರಲ್ಲ, ಅದೇನು? ಕರಿ ಬಟ್ಟೆ ಗಡ್ಡದೋನು ಒಬ್ಬ, ನುಣ್ಣಗೆ ಶೇವ್ ಮಾಡಿರೋನು ಒಬ್ಬ, ಹೆಲ್ಮೆಟ್ ಹಾಕ್ಕೊಂಡು ಬರೋನು ಇನ್ನೊಬ್ಬ. ಒಂಟಿ ಹುಡುಗಿ ಅಂತ ನಂಬಿ ಮನೆ ಕೊಟ್ಟೆ. ಅವ್ರೆಲ್ಲ ಯಾರು ಅಂತ ಹೇಳು, ಇಲ್ಲಾಂದ್ರೆ ಮನೆ ಖಾಲಿ ಮಾಡಮ್ಮ.”

ಮೂವರೂ ನನ್ನ ತಮ್ಮನೇ. ಅಯ್ಯಪ್ಪನ ಮಾಲೆ ಹಾಕಿದ್ದಾಗ ಗಡ್ಡ, ಶಬರಿಮಲೆಯಿಂದ ಬಂದ ಮೇಲೆ ನುಣ್ಣನೆ ಕೆನ್ನೆ, ಡೆಲಿವರಿ ಕೆಲಸದ ನಡುವೆ ಬಂದರೆ ಹೆಲ್ಮೆಟ್. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನ ಫೋಟೋಗಳೂ ಅದೇ ಫೋನಿನಲ್ಲಿದ್ದವು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಕಪ್ಪೆಯ ಜೀವ ಉಳಿಸಲು ಅದರ ತೊಡೆ ತೋರಿಸಿದ್ದಾಯಿತು. ಕೇಳಿದವರಿಗೆಲ್ಲ ಗುರುತು ತೋರಿಸುತ್ತ ಕೂರಲು ನಾನೇನು ಬಚ್ಚಲ ಕಪ್ಪೆಯೇ?

“ಮೂರಲ್ಲ ಆಂಟಿ, ಹತ್ತು ಜನ ಬರ್ಲಿ. ಯಾರು ಅಂತ ನಾನು ಹೇಳಲ್ಲ. ಮನೆ ಖಾಲಿನೂ ಮಾಡಲ್ಲ.”

ಅವರು ದಡದಡ ಮೆಟ್ಟಿಲಿಳಿದು ಹೋದರು. ಮರೆತು ಹೋದ ಉಪ್ಪಿನ ಪ್ಯಾಕೆಟ್ಟನ್ನು ನಾನು ಸಾರಿಗೆ ಹಾಕಿ ಮುಗಿಸಿದೆ. ಕಪ್ಪೆಯೂ ನಾನೂ ಇನ್ನೂ ಇಲ್ಲೇ ಇದ್ದೇವೆ. ತಮ್ಮ ಈಚೆಗೆ ದಪ್ಪ ಮೀಸೆ ಬಿಟ್ಟಿದ್ದಾನೆ. ಆಂಟಿಯ ಲೆಕ್ಕದಲ್ಲಿ ಈಗ ನಾಲ್ವರು. ನಾನು ತಿದ್ದಲು ಹೋಗಿಲ್ಲ.