ಕಾಲು ಬಿಚ್ಚಿಟ್ಟು ಹತ್ತಿದ ಗುಡಿ

ಕೋವಿಡ್ ಮುಗಿದು ನ್ಯೂಜಿಲೆಂಡಿನ ಗಡಿ ತೆರೆದ ಮರುವರ್ಷದ ಮಾತು. ಆಗ ನಾನು ಮನುಕಾವ್‌ನ ಒಂದು ಕ್ಲಿನಿಕ್‌ನಲ್ಲಿ ಪ್ರಾಸ್ಥೆಟಿಸ್ಟ್ ಆಗಿದ್ದೆ. ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು ಕೃತಕ ಕಾಲು ಮಾಡಿ ಹೊಂದಿಸಿಕೊಡುವುದು ನನ್ನ ಕೆಲಸ.

ಬೋಫಾ ನನ್ನ ಹಳೆಯ ರೋಗಿ. ಕಾಂಬೋಡಿಯಾ ಮೂಲದವರು, ಐವತ್ತು ದಾಟಿದ ಹೆಂಗಸು. ಹತ್ತಿರದಲ್ಲೇ ಬೇಕರಿ ಇಟ್ಟುಕೊಂಡಿದ್ದರು. ಮಧುಮೇಹದಿಂದ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಒಂದು ದಿನ ಕಾಲು ಹೊಂದಿಸುತ್ತಿದ್ದಾಗ ಕೇಳಿದರು: "ಇದನ್ನ ಹಾಕ್ಕೊಂಡು ಬಿದ್ದುಹೋದ ಕಲ್ಲುಗಳ ಮೇಲೆ ಹತ್ತಬಹುದಾ?"

ಯಾಕೆಂದು ಕೇಳಿದೆ. ಯುದ್ಧದ ಕಾಲದಲ್ಲಿ ಅವರ ಕುಟುಂಬ ಗಡಿ ದಾಟಲು ಕಾಡಿನಲ್ಲಿ ನಡೆದು ಹೋಗುವಾಗ ಪಾಳುಬಿದ್ದ ಒಂದು ಖ್ಮೇರ್ ಗುಡಿಯಲ್ಲಿ ತಂಗಿತ್ತಂತೆ. ಅಲ್ಲೇ ಅವರ ತಾಯಿ ರಿತ್ ಎಂಬ ಮಗನನ್ನು ಹೆತ್ತರು. ರಿತ್ ಈಗ ಹ್ಯಾಮಿಲ್ಟನ್ ಹತ್ತಿರದ ಹೈನು ಫಾರ್ಮಿನಲ್ಲಿ ಮ್ಯಾನೇಜರ್. ತಾಯಿ ಲಾಕ್‌ಡೌನಿನಲ್ಲಿ ತೀರಿಕೊಂಡ ಮೇಲೆ ರಿತ್‌ಗೆ ತಾವು ಹುಟ್ಟಿದ ಜಾಗ ನೋಡಬೇಕೆಂಬ ಹಟ ಹಿಡಿದಿತ್ತು. ಆ ಕೋಣೆ ಯಾವುದೆಂದು ಬಲ್ಲವರು ಉಳಿದಿದ್ದು ಬೋಫಾ ಒಬ್ಬರೇ.

ನನಗೆ ಅಂದಿನಿಂದ ನೆಮ್ಮದಿ ಹೋಯಿತು. ಮಧುಮೇಹದಲ್ಲಿ ನರಗಳು ಸೋತು ನೋವು ತಿಳಿಯುವುದಿಲ್ಲ. ಉಳಿದ ಕಾಲಿನ ತುದಿ ಕೂರುವ ಬಟ್ಟಲಿಗೆ ಸಾಕೆಟ್ ಎನ್ನುತ್ತೇವೆ. ಆ ಕಾಡಿನ ಸೆಕೆಯಲ್ಲಿ ಬೆವರಿ ಸಾಕೆಟ್ ಉಜ್ಜಿದರೆ ಚರ್ಮ ಹರಿದರೂ ಇವರಿಗೆ ಗೊತ್ತಾಗದು. ಸೋಂಕು ತಗುಲಿದರೆ ಮೊಣಕಾಲೂ ಹೋಗಬಹುದು. ಹೋಗಬೇಡಿ ಎಂದೆ, ಕೇಳಲಿಲ್ಲ. "ಹಾಗಾದರೆ ನೀವೂ ಬನ್ನಿ" ಎಂದರು, ಅಕ್ಕನ ಜೊತೆ ಕ್ಲಿನಿಕ್‌ಗೆ ಬಂದಿದ್ದ ರಿತ್.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಶೈಲಾ ಮೊದಲು ಸಿಟ್ಟಾದಳು. "ರಜಾ ತಗೊಂಡು ಧಾರವಾಡಕ್ಕ ಹೋಗೂದು ಬಿಟ್ಟು ಪೇಷಂಟ್ ಜೋಡಿ ಕಾಡಿಗೆ ಹೊಂಟೀರೇನು?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಹೋಗಿ ಬರ್ರಿ. ಇಲ್ಲೇ ಇದ್ರ ದಿನಾ ಮನಿ ತುಂಬ ಅಡ್ಯಾಡಕೋತನ ಇರ್ತೀರಿ" ಎಂದಳು.

ಕಾಂಬೋಡಿಯಾದಲ್ಲಿ ಜೀಪಿನ ದಾರಿ ಮುಗಿದ ಮೇಲೆ ಕಾಲುದಾರಿ. ಹಳೆಯ ನೆಲಬಾಂಬುಗಳ ಭಯವಿದ್ದುದರಿಂದ, ದಾರಿ ಬಿಟ್ಟು ಹೆಜ್ಜೆ ಇಡಕೂಡದೆಂದು ಮಾರ್ಗದರ್ಶಿ ಎಚ್ಚರಿಸಿದ್ದ. ಮರಗಳ ನಡುವೆ ಗಾಳಿಯೇ ಇರಲಿಲ್ಲ. ನಾನು ಸ್ವಲ್ಪ ಸ್ವಲ್ಪ ದೂರಕ್ಕೆ ಬೋಫಾರನ್ನು ಕೂರಿಸಿ, ಕಾಲು ಬಿಚ್ಚಿಸಿ, ಚರ್ಮ ಒರೆಸಿ ನೋಡುತ್ತಿದ್ದೆ. ಕೊನೆಗೆ ಅವರು ರೇಗಿದರು.

"ನೀವು ನನ್ನ ಜೊತೆ ಬಂದಿದ್ದೀರೋ, ಈ ಕಾಲಿನ ಜೊತೆಗೋ?"

ಅಂತೂ ಗುಡಿ ಕಂಡಿತು. ಗೋಪುರ ಕುಸಿದಿತ್ತು. ಮರವೊಂದು ಗೋಡೆಯ ಮೇಲೆ ಕೂತು ಬೇರುಗಳನ್ನು ಕಲ್ಲಿನ ಸಂದಿಗೆಲ್ಲ ಇಳಿಬಿಟ್ಟಿತ್ತು. ಮೆಟ್ಟಿಲಿದ್ದ ಕಡೆ ಉರುಳಿಬಿದ್ದ ಕಲ್ಲುಗಳ ರಾಶಿ. ಹತ್ತುವ ಮೊದಲು ಮತ್ತೆ ಕಾಲು ಬಿಚ್ಚಿಸಿದೆ. ತುದಿಯಲ್ಲಿ ಚರ್ಮ ಕೆಂಪಾಗಿ, ನಡುವೆ ಬೆಳ್ಳಗೆ ಉಬ್ಬಿತ್ತು. ಇನ್ನೊಂದಿಷ್ಟು ಉಜ್ಜಿದರೆ ಕಿತ್ತುಬರುತ್ತಿತ್ತು.

"ಇನ್ನು ಇದನ್ನ ಹಾಕೋ ಹಾಗಿಲ್ಲ" ಎಂದೆ.

ರಿತ್ ಅಕ್ಕನನ್ನು ಹೊತ್ತುಕೊಳ್ಳಲು ನೋಡಿದರು. ಎರಡೇ ಹೆಜ್ಜೆಗೆ ಕಲ್ಲು ಅಲುಗಿತು, ಮಾರ್ಗದರ್ಶಿ ಬೇಡವೆಂದ. ರಿತ್ ತಾವೊಬ್ಬರೇ ಒಳಗೆ ಹೋಗಿ ಬಂದರು. "ಕೋಣೆಗಳೆಲ್ಲ ಒಂದೇ ಥರ ಇವೆ, ಅಕ್ಕ. ಇರಲಿ ಬಿಡು, ಇಷ್ಟು ನೋಡಿದ್ದೇ ಸಾಕು" ಎನ್ನುವಾಗ ಅವರ ದನಿ ಬಿದ್ದುಹೋಗಿತ್ತು.

ಬೋಫಾ ಕೃತಕ ಕಾಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದನ್ನ ಹಿಡ್ಕೊಳ್ಳಿ."

ನನಗೆ ಅರ್ಥವಾಗುವಷ್ಟರಲ್ಲಿ ಅವರು ರಾಶಿಗೆ ಬೆನ್ನು ಮಾಡಿ ಮೊದಲ ಕಲ್ಲಿನ ಮೇಲೆ ಕೂತಿದ್ದರು. ಎರಡೂ ಅಂಗೈ ಊರಿ, ಬಲಗಾಲಿನಿಂದ ಒತ್ತಿ, ಮೈಯನ್ನು ಮೇಲಿನ ಕಲ್ಲಿಗೆ ಎತ್ತಿಕೊಂಡರು. ದಿನವೂ ಹಿಟ್ಟು ನಾದಿ ಗಟ್ಟಿಯಾದ ತೋಳುಗಳು. ತಡೆಯಲು ಹೋದೆ; ಆದರೆ ಹೀಗೆ ಹತ್ತಿದರೆ ಎಡಗಾಲಿನ ಮೇಲೆ ಭಾರವೇ ಬೀಳುತ್ತಿರಲಿಲ್ಲ. ಎಡಗಾಲಿನ ತುದಿಗೆ ಟವೆಲ್ ಸುತ್ತಿ ಮೇಲೆ ನನ್ನ ಜಾಕೆಟ್ ಕಟ್ಟಿದೆ. ಮಾರ್ಗದರ್ಶಿ ಮುಂದೆ ಕಲ್ಲು ಅಲುಗಿಸಿ ನೋಡುತ್ತ ನಡೆದ. ನಾನು ಕಂಕುಳಲ್ಲಿ ಕಾಲನ್ನು ಇಟ್ಟುಕೊಂಡು, ಅವರು ಜಾರಿದಾಗಲೆಲ್ಲ ಕೈ ಚಾಚುತ್ತ ಹಿಂಬಾಲಿಸಿದೆ.

ಒಳಗೆ ಬೋಫಾ ಕೂತೇ ಸರಿಯುತ್ತ ಎರಡು ಕೋಣೆ ನೋಡಿ, ಇದಲ್ಲವೆಂದು ತಲೆಯಾಡಿಸಿದರು. ಮೂರನೆಯದರಲ್ಲಿ ಕಲ್ಲಿನ ಸರಳುಗಳ ಕಿಟಕಿಯ ಕೆಳಗೆ ಹೋಗಿ ನೆಲದ ಮೇಲೆ ಅಂಗೈ ಇಟ್ಟು ತಮ್ಮನಿಗೆ ಖ್ಮೇರ್‌ನಲ್ಲಿ ಏನೋ ಹೇಳಿದರು. ಆ ದೊಡ್ಡ ಮೈಯ ಮನುಷ್ಯ ಅಲ್ಲೇ ಕುಸಿದು ಕೂತು ಅಕ್ಕನ ಮಡಿಲಲ್ಲಿ ಮುಖ ಇಟ್ಟುಬಿಟ್ಟರು. ನಾನು ಹೊರಗೆ ಬಂದೆ.

"ನನ್ನ ಅಳು ಸೈನಿಕರಿಗೆ ಕೇಳಬಾರದು ಅಂತ ಅಕ್ಕ ಎದೆಗೆ ಒತ್ತಿ ಹಿಡಿದಿದ್ದಳಂತೆ" ಎಂದು ಆಮೇಲೆ ರಿತ್ ಹೇಳಿದರು. "ಆಗ ಅವಳಿಗೆ ಎಂಟು ವರ್ಷ."

ಬೋಫಾ ಕೂತೇ ಇಳಿದರು. ಕಾಡುದಾರಿಯಲ್ಲಿ ರಿತ್ ಮತ್ತು ಮಾರ್ಗದರ್ಶಿ ಬಿದಿರಿಗೆ ಬಟ್ಟೆ ಕಟ್ಟಿ ಅವರನ್ನು ಹೊತ್ತು ತಂದರು. ನ್ಯೂಜಿಲೆಂಡ್ ಮುಟ್ಟುವವರೆಗೂ ದಿನ ಬೆಳಗಾದರೆ ನಾನು ಟವೆಲ್ ಬಿಚ್ಚಿ ನೋಡುತ್ತಿದ್ದೆ. ಚರ್ಮ ಹರಿಯಲಿಲ್ಲ. ಕೆಲವು ವಾರ ಗಾಲಿಕುರ್ಚಿಯಲ್ಲೇ ಬೇಕರಿ ನಡೆಸಿ, ಬೋಫಾ ಮತ್ತೆ ಕಾಲು ಹಾಕಿಕೊಂಡರು.

ಇಷ್ಟು ವರ್ಷ ನಾನು ಒಳ್ಳೆಯ ಕಾಲು ಮಾಡಿಕೊಟ್ಟರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಈಗ ಕಾಲು ಕೊಡುವ ಮೊದಲು ಪ್ರತಿಯೊಬ್ಬರನ್ನೂ ನೆಲದ ಮೇಲೆ ಕೂರಿಸಿ, ಫಿಸಿಯೋಥೆರಪಿಸ್ಟ್ ಜೊತೆ ಸೇರಿ, ಕಾಲಿಲ್ಲದೆ ಸರಿಯುವುದನ್ನು, ಮೆಟ್ಟಿಲು ಏರುವುದನ್ನು ಕಲಿಸುತ್ತೇನೆ. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ಮೊನ್ನೆ ಪುಕೆಕೊಹೆಯ ಈರುಳ್ಳಿ ಬೆಳೆಗಾರರೊಬ್ಬರು, "ಕಾಲು ಕೊಡ್ತೀನಿ ಅಂತ ಕರೆದು ತೆವಳು ಅಂತೀರಲ್ಲ?" ಎಂದರು.

"ಕಾಲು ಕೊಟ್ಟೇ ಕೊಡ್ತೀನಿ" ಎಂದೆ. "ಆದರೆ ಅದು ಕೈಕೊಟ್ಟ ದಿನವೂ ನಿಮಗೆ ಎಲ್ಲಿಗೋ ಹೋಗಬೇಕಿರುತ್ತೆ."